ನೀರು ಹಾಕಬ್ಯಾಡ್ರಿ ಅಂದ ಅಕ್ಕೋರು

ತವೆಯ ಮೇಲೆ ರೊಟ್ಟಿ ಹಾಕಿ, ಮೇಲುಗಡೆ ನೀರಿನ ಬಟ್ಟೆ ಸವರಿ, ಅದು ಆರುವುದನ್ನು ನೋಡುತ್ತ ಕುಳಿತಿದ್ದೆ. ಜೋಳದ ರೊಟ್ಟಿ ಬಡಿಯುವವರಿಗೆ ಆ ನೀರಿನ ಹದ ಗೊತ್ತು. ಕಡಿಮೆಯಾದರೆ ಮೇಲೆ ಹಿಟ್ಟು ಹಾಗೇ ಉಳಿಯುತ್ತದೆ, ಹೆಚ್ಚಾದರೆ ರೊಟ್ಟಿ ಉಬ್ಬುವುದಿಲ್ಲ. ಅಷ್ಟರಲ್ಲಿ ಎದುರು ಮನೆಯ ಶಾಂತವ್ವ ಬಾಗಿಲಲ್ಲಿ ಬಂದು ನಿಂತಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಬರಿಯ ತಂಬಿಗೆ.

"ಬಾಜು ಮನಿ ಅಕ್ಕೋರು ತೀರಿಕೊಂಡ್ರಂತ ಬೇ. ನಸುಕಿನ್ಯಾಗ ನಮಾಜ ಮುಗಿಸಿ ಕುರ್ಚಿ ಮ್ಯಾಲ ಕುಂತಾರ, ಕುಂತಲ್ಲೇ ಹೋಗ್ಯಾರ."

ನಾನು ರೊಟ್ಟಿ ತಿರುವಿ ಹಾಕಿದೆ. ಕೈ ತನ್ನ ಕೆಲಸ ಬಿಡಲಿಲ್ಲ. ರೊಟ್ಟಿ ಸುಡಲಿಲ್ಲ, ಅದೊಂದು ದೇವರ ದಯೆ. ಅಕ್ಕೋರು ಕೊನೆಗಾಲದಲ್ಲಿ ಆಸ್ಪತ್ರೆ, ಹಾಸಿಗೆ, ಪರರ ಕೈ ಏನನ್ನೂ ಕಾಣದೆ ಹೋದರು, ಅದು ದೊಡ್ಡ ದಯೆ. ಒಲೆ ಆರಿಸಿ, ಉಳಿದ ಹಿಟ್ಟಿನ ಮೇಲೆ ಪರಾತ ಮುಚ್ಚಿ ಎದ್ದೆ.

ಅಂಗಳಕ್ಕೆ ಬಂದ ಮೇಲೆ ಶಾಂತವ್ವ ದನಿ ಇಳಿಸಿ ಕೇಳಿದಳು: "ಅಲ್ಲ ಬೇ, ಇನ್ನರೆ ಆ ಗಿಡಕ್ಕ ಒಂದ ತಂಬಗಿ ನೀರ ಹಾಕಬಹುದಿಲ್ಲ?"

ನಮ್ಮ ಓಣಿಯ ಹೆಂಗಸರೆಲ್ಲ ವರ್ಷಗಳಿಂದ ಆ ಒಂದು ತಂಬಿಗೆ ನೀರಿಗಾಗಿ ಕಾದಿದ್ದರು. ಕಾಯಿಸಿದವರು ಈಗ ಇರಲಿಲ್ಲ.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತೇವೆ. ಇವರು ಊರಿನ ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ನಿವೃತ್ತಿಯವರೆಗೂ ಕಲಿಸಿದವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಮ್ಮನ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಇದ್ದರು. ಅವರ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆ. ಮನೆಯಲ್ಲಿ ತಮ್ಮನ ಜೊತೆ ಉರ್ದು, ಗೋಡೆಯ ಈಚೆಗೆ ನಮ್ಮ ಜೊತೆ ಕನ್ನಡ, ತಪ್ಪು ಮಾಡಿದವರ ಜೊತೆ ಮಾತೇ ಇಲ್ಲ, ಬರೀ ಕನ್ನಡಕದ ಮೇಲಿಂದ ಒಂದು ನೋಟ. ಶಾಂತವ್ವ ಅವರ ಕೈಯಲ್ಲಿ ಮಗ್ಗಿ ಕಲಿತವಳು. ಮೊಮ್ಮಕ್ಕಳನ್ನು ಕಂಡಿದ್ದರೂ ಅವರೆದುರು ಎಲೆ ಅಡಿಕೆ ಜಗಿಯುತ್ತಿರಲಿಲ್ಲ. ನಾನು ಸೊಸೆಯಾಗಿ ಬಂದವಳಾದ್ದರಿಂದ ಮಗ್ಗಿಯಿಂದ ಪಾರಾಗಿದ್ದೆ. ಗಿಡಗಳ ಪಾಠದಿಂದ ಪಾರಾಗಲಿಲ್ಲ.

ನಿವೃತ್ತರಾದ ವರ್ಷ ಹುಬ್ಬಳ್ಳಿಗೆ ಮದುವೆಗೆ ಹೋದವರು ಒಂದು ಪ್ಲಾಸ್ಟಿಕ್ ಲೋಟದಲ್ಲಿ ಗೇಣುದ್ದದ ಗಿಡ ಹಿಡಿದುಕೊಂಡು ಬಂದರು. ಸೂಜಿಯಂಥ ಎಲೆ. ಗೋಡೆಯ ಹತ್ತಿರ ಬಂದು, ಒಂದು ಎಲೆ ಚಿವುಟಿ, ಬೆರಳಲ್ಲಿ ತಿಕ್ಕಿ, ಕೇಳದೆಯೇ ನನ್ನ ಮೂಗಿಗೆ ಹಿಡಿದರು. ಅದು ಅವರ ಅಭ್ಯಾಸ. ಮುಂದೆ ಯಾರೇ ಬರಲಿ, ಮೊದಲು ಮೂಗಿಗೆ ಹಿಡಿಯುವುದು, ಆಮೇಲೆ ಕ್ಷೇಮ ಕೇಳುವುದು.

"ರೋಸ್‌ಮರಿ ಅಂತ. ಯುರೋಪಿಗೂ ಆಫ್ರಿಕಾಕ್ಕೂ ನಡುವ ಒಂದ ಸಮುದ್ರ ಐತಲ್ರಿ, ಮೆಡಿಟರೇನಿಯನ್, ಅದರ ದಂಡಿ ಗುಡ್ಡದಾಗ ಬೆಳಿತೈತಿ. ಬ್ಯಾಸಗಿಯಾಗ ಅಲ್ಲಿ ಮಳಿನ ಇಲ್ಲ. ಬರೇ ಕಲ್ಲು, ಬಿಸಲು. ನೀರ ಹಾಕಬಾರದಂತ."

ನಮ್ಮ ಅತ್ತೆ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಅವರಿಗೂ ಅಕ್ಕೋರಿಗೂ ಮಾತಿಗೆ ಮಾತು ಹತ್ತುವುದು ಮೊದಲಿನಿಂದಲೂ ಇತ್ತು. "ಸಮುದ್ರದ ದಂಡಿ ಮ್ಯಾಲಿನ ಗಿಡಕ್ಕ ನೀರ ಬ್ಯಾಡಂದ್ರ ಹೆಂಗವಾ?" ಎಂದರು.

"ಸಮುದ್ರದ ನೀರ ನೀವು ಕುಡಿತೀರೇನಜ್ಜಿ?"

"ನಾ ಯಾಕ ಕುಡೀಲಿ? ನನಗ ನಳದ ನೀರ ಐತಿ."

ನಳದ ನೀರು ಇರುವುದು ವಾರಕ್ಕೊಮ್ಮೆ. ನಮ್ಮ ನವಲಗುಂದ ಸೀಮೆಯಲ್ಲಿ ಬಾವಿಯ ನೀರು ಉಪ್ಪು, ಕುಡಿಯುವ ನೀರು ನಲ್ಲಿ ಬಂದ ದಿನ ತುಂಬಿಟ್ಟದ್ದೇ. ಹಾಗಾಗಿ ಇಲ್ಲಿ ಒಬ್ಬರು ಇನ್ನೊಬ್ಬರ ಗಿಡಕ್ಕೆ ಒಂದು ತಂಬಿಗೆ ನೀರು ಹಾಕಿದರೆ ಅದು ಸಣ್ಣ ಮಾತಲ್ಲ. ಪುಣ್ಯದ ಲೆಕ್ಕಕ್ಕೆ ಹೋಗುವ ಕೆಲಸ. ಇಂಥ ಊರಿನಲ್ಲಿ ಅಕ್ಕೋರು ನೀರು ಬೇಡವೆನ್ನುವ ಗಿಡ ತಂದಿದ್ದರು. ಎಲ್ಲರೂ ಸಂತೋಷಪಡಬೇಕಿತ್ತು. ಯಾರಿಗೂ ಸಮಾಧಾನವಾಗಲಿಲ್ಲ.

ಒಂದರಿಂದ ಚಟ ಹತ್ತಿತು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಮೊಬೈಲಿನಲ್ಲಿ ಗಿಡಗಳನ್ನು ನೋಡುವುದು, ಧಾರವಾಡದ ಕಡೆ ಹೋಗುವವರಿಗೆಲ್ಲ ಹೇಳಿ ತರಿಸುವುದು. ಲ್ಯಾವೆಂಡರ್ ಬಂತು, ಥೈಮ್ ಬಂತು, ಸೇಜ್ ಬಂತು, ಎಲ್ಲ ಆ ಸಮುದ್ರದ ದಂಡೆಯ ವಾಸನೆ ಗಿಡಗಳೇ. ಎಲ್ಲವನ್ನೂ ಹಿತ್ತಲಿನ ಎರೆಮಣ್ಣಿನಲ್ಲಿ ಸಾಲಾಗಿ ನೆಟ್ಟರು. ಬೇಸಿಗೆ ದಾಟಿತು. ಮಳೆ ಹಿಡಿಯಿತು. ನಮ್ಮ ಎರೆ ಭೂಮಿ ಮಳೆಗಾಲದಲ್ಲಿ ನೀರು ಕುಡಿದರೆ ಬಿಡುವುದೇ ಇಲ್ಲ, ಕಾಲಿಟ್ಟರೆ ಚಪ್ಪಲಿಯನ್ನೂ ಕೊಡುವುದಿಲ್ಲ. ನೇರಳೆ ಹೂವಿನ ಚಿತ್ರ ನೋಡಿ ತರಿಸಿದ ಲ್ಯಾವೆಂಡರ್ ತಲೆ ಬಗ್ಗಿಸಿತು.

ಬಾಡಿದ್ದನ್ನು ಕಂಡು ಓಣಿಯವರು "ಹೇಳಿದ್ವಿಲ್ಲ, ನೀರ ಇಲ್ಲದ ಸತ್ತೈತಿ" ಎಂದರು. ಅಕ್ಕೋರು ಗಿಡ ಕಿತ್ತು, ಬೇರು ತೊಳೆದು, ಗೋಡೆಯ ಮೇಲೆ ಇಟ್ಟು ನಮ್ಮನ್ನು ಕರೆದರು. ಬೇರು ಕಪ್ಪಾಗಿ ಮೆತ್ತಗಾಗಿತ್ತು.

"ನೋಡ್ರಿ. ಬಾಯಾರಿ ಸತ್ತಿಲ್ಲ, ಕುಡದು ಸತ್ತೈತಿ."

"ನಮ್ಮ ಮೈದುನನ ಗತೆ" ಎಂದರು ಅತ್ತೆ.

ಆ ಮೇಲೆ ಅಕ್ಕೋರು ಎರೆಮಣ್ಣಿನ ಸಹವಾಸ ಬಿಟ್ಟರು. ಶಲವಡಿ ರಸ್ತೆ ಮಾಡುವಾಗ ಉಳಿದಿದ್ದ ಗರಸು, ಅಂದರೆ ಸಣ್ಣ ಕಲ್ಲಿನ ಕೆಂಪು ಮಣ್ಣು, ಒಂದು ಟ್ರ್ಯಾಕ್ಟರ್ ತರಿಸಿ ಹಿತ್ತಲಿನ ಮೂಲೆಯಲ್ಲಿ ಮೊಣಕಾಲೆತ್ತರದ ದಿಬ್ಬ ಮಾಡಿಸಿದರು. ಒಡೆದ ಹಂಚಿನ ಚೂರು ಕೆಳಗೆ, ಮರಳು ನಡುವೆ, ಜಲ್ಲಿ ಮೇಲೆ. ತಮ್ಮ ಬಂದು ನೋಡಿ "ಅಕ್ಕಾ, ಇದು ತೋಟ ಅಲ್ಲ, ರಸ್ತೆ ಆತು" ಎಂದ. "ರಸ್ತೆ ದಂಡಿಗಿನ ಗಿಡಕ್ಕ ಯಾರ ನೀರ ಹಾಕ್ತಾರ, ಹೇಳು" ಎಂದು ಅವನನ್ನು ಕಳಿಸಿದರು.

ಗಿಡ ಆರಿಸುವುದಕ್ಕೂ ಒಂದು ಪರೀಕ್ಷೆ ಇಟ್ಟುಕೊಂಡಿದ್ದರು. "ಎಲಿ ಸಣ್ಣದಿರಬೇಕು, ಬೂದಿ ಬಣ್ಣ ಇರಬೇಕು, ತಿಕ್ಕಿದ್ರ ವಾಸನಿ ಬರಬೇಕು. ಇಷ್ಟಿದ್ರ ಅದಕ್ಕ ಬಿಸಲು ತಡಿಯೂದು ಗೊತ್ತೈತಂತ ತಿಳಕೋರಿ. ಅಗಲಕ, ಮೆತ್ತಗ, ಹಸರಗಿದ್ದದ್ದು ನೋಡಾಕ ಚಂದ, ಎರಡ ದಿನಕ್ಕ ನಮ್ಮ ಕಡೆ ಕೈ ಚಾಚತೈತಿ." ಲ್ಯಾವೆಂಡರಿನಲ್ಲಿ ಎಲೆಯ ಅಂಚು ಗರಗಸದಂತೆ ಇರುವ ಜಾತಿಯೊಂದು ನಮ್ಮ ಬಿಸಿಲಿಗೆ ನಿಂತಿತು. ಚಿತ್ರದಲ್ಲಿ ಕಾಣುವ ಚೆಲುವೆ ಜಾತಿ ಪ್ರತಿ ಮಳೆಗಾಲ ಸತ್ತಿತು. ಸೇಜ್ ಕೂಡ ಹಾಗೇ ಸತ್ತು ಸತ್ತು, ಕೊನೆಗೆ "ಇದರ ಋಣ ನಮ್ಮೂರಾಗ ಇಲ್ಲ" ಎಂದು ಅಕ್ಕೋರು ಕೈಬಿಟ್ಟರು. ಥೈಮ್ ಒಡಕು ಮಡಕೆಯಲ್ಲಿ ಬಾಳಿತು. ರೋಸ್‌ಮರಿ ಮಾತ್ರ ತನ್ನ ಊರೇ ಇದು ಎಂಬಂತೆ ಬೆಳೆದು ಸೊಂಟಮಟ್ಟ ಬಂತು. ಎಲೆಯ ಅಡಿಯಲ್ಲಿ ಬೆಳ್ಳಗೆ ಬೂದಿ. ನಾನು ಅದನ್ನು ವಿಭೂತಿ ಗಿಡ ಎನ್ನುತ್ತಿದ್ದೆ. ಅಕ್ಕೋರು ತಿದ್ದಲಿಲ್ಲ. ತಿದ್ದದೆ ಬಿಟ್ಟ ಒಂದೇ ತಪ್ಪು ಅದಿರಬೇಕು.

ಅವರಿಗೆ ಕೊಡಲು ಹೋಗಿ ನಾನು ವಾಪಸು ತಂದ ವಸ್ತುಗಳು ಬಹಳ. ಮೊದಲನೆಯದು ಸಗಣಿ ಗೊಬ್ಬರ. ವರ್ಷ ಕಳೆದದ್ದು, ಚಹಾಪುಡಿಯ ಹಾಗೆ ಉದುರುವಂಥದ್ದು, ಬುಟ್ಟಿ ತುಂಬ ಹೊತ್ತು ಗೋಡೆಯ ಮೇಲೆ ಇಟ್ಟೆ.

"ಇದನ್ನ ನಿಮ್ಮ ಬದನಿಗೆ ಹಾಕ್ರಿ" ಎಂದರು. "ಇವು ಬಡತನದಾಗ ಬೆಳೆಯೋ ಗಿಡ. ಉಣ್ಣಾಕ ಕೊಟ್ರ ಉದ್ದಕ ಬೆಳದು ಮಕ್ಕೊಂಡ ಬಿಡ್ತಾವ. ವಾಸನಿನೂ ಹೋಗ್ತೈತಿ."

ನಮ್ಮ ಮನೆಯ ಗೊಬ್ಬರವನ್ನು ಬೇಡ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಅತ್ತೆ ಎರಡು ದಿನ ಅಕ್ಕೋರ ಹೆಸರೆತ್ತಲಿಲ್ಲ. ಮನೆ ಶಾಂತವಾಗಿತ್ತು. ಅದನ್ನೂ ನಾನು ದೇವರ ದಯೆಗೇ ಸೇರಿಸಿಕೊಂಡೆ.

ಎರಡನೆಯದು ಪೂಜೆಯ ನೀರು. ಬೆಳಗಿನ ಪೂಜೆಯಾದ ಮೇಲೆ ಲಿಂಗ ತೊಳೆದ ನೀರನ್ನು ನಾವು ಎಲ್ಲೆಂದರಲ್ಲಿ ಚೆಲ್ಲುವುದಿಲ್ಲ, ಯಾರ ಕಾಲೂ ತುಳಿಯದ ಕಡೆ ಗಿಡದ ಬುಡಕ್ಕೆ ಹಾಕುತ್ತೇವೆ. ನಮ್ಮಲ್ಲಿ ಅದು ಗೋಡೆಯ ಬದಿಯ ಪತ್ರಿ ಗಿಡಕ್ಕೆ, ಅಂದರೆ ಬಿಲ್ವದ ಮರಕ್ಕೆ ಹೋಗುತ್ತದೆ. ಒಂದು ದಿನ ರೋಸ್‌ಮರಿ ಬಿಸಿಲಿಗೆ ಸೊರಗಿದಂತೆ ಕಂಡು ಮನಸ್ಸು ತಡೆಯದೆ ತಂಬಿಗೆ ಹಿಡಿದು ಗೋಡೆಯಾಚೆ ಕೈ ಚಾಚಿದೆ.

"ಏನ್ರಿ ಅದು?"

"ಪೂಜಿ ನೀರು ರೀ. ಬರೇ ನೀರಲ್ಲ."

ಅಕ್ಕೋರು ನನ್ನ ಕೈಯ ಕೆಳಗೆ ತಮ್ಮ ಕೈ ಇಟ್ಟು ತಂಬಿಗೆಯನ್ನು ಮೆಲ್ಲನೆ ನೆಟ್ಟಗೆ ಮಾಡಿದರು. "ದೇವರದು ಅಂತ ನಿಮಗ ಗೊತ್ತು, ನನಗ ಗೊತ್ತು. ಬೇರಿಗೆ ಯಾರ ಹೇಳಬೇಕು? ಅದು ನೀರಂತನ ತಿಳಕೊಂಡು ಕೊಳಿತೈತಿ. ನಿಮ್ಮ ಪತ್ರಿ ಗಿಡಕ್ಕ ಹಾಕ್ರಿ, ಅದು ಕುಡಿಯೂ ಗಿಡ."

ನನಗೆ ಬೇಸರವಾಯಿತು. ಹಾಗೆ ನೋಡಿದರೆ ಅವರ ಮಾತಿನಲ್ಲಿ ದೇವರಿಗೆ ಅಪಮಾನವೇನೂ ಇರಲಿಲ್ಲ. ತಮ್ಮನ ಮನೆಯವರು ಯಮನೂರ ದರ್ಗಾದಿಂದ ತಂದ ನೀರನ್ನೂ ಅವರು ಆ ಗಿಡಕ್ಕೆ ಮುಟ್ಟಿಸಿರಲಿಲ್ಲ ಎಂದು ಆಮೇಲೆ ತಿಳಿಯಿತು. ನ್ಯಾಯ ಎಲ್ಲರಿಗೂ ಒಂದೇ ಇತ್ತು.

ನೀರು ಹಾಕಬೇಕೋ ಬೇಡವೋ ಎಂದು ಅವರು ಕಣ್ಣಿಂದ ನೋಡಿ ತೀರ್ಮಾನಿಸುತ್ತಿರಲಿಲ್ಲ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೂ ಗರಸಿನೊಳಗೆ ಇಳಿಸಿ, ಸ್ವಲ್ಪ ಹೊತ್ತು ಹಾಗೇ ಕೂತು, ಹೊರಗೆ ತೆಗೆದು, ಮಕ್ಕಳ ಪಾಟಿ ತಿದ್ದುವವರಂತೆ ಬೆರಳನ್ನು ತಿರುವಿ ತಿರುವಿ ನೋಡುತ್ತಿದ್ದರು. ಮಣ್ಣು ಅಂಟಿದ್ದರೆ ಎದ್ದು ಹೋಗುವುದು. ಬೆರಳು ಒಣಗಿ ಬಂದರೂ ಇನ್ನೂ ನಾಲ್ಕು ದಿನ ತಡೆಯುವುದು. "ಈಗ ಬೇಕು ಅಂತ ನಮಗ ಅನಿಸಿದಾಗ ಅದಕ್ಕ ಬೇಕಾಗಿರೂದಿಲ್ರಿ. ನಮ್ಮ ಜೀವ ಮರಗತಿರ್ತೈತಿ, ಅಷ್ಟ."

ಹೂ ಬಿಟ್ಟು ಮುಗಿದ ಮೇಲೆ ಬಟ್ಟೆ ಕತ್ತರಿಸುವ ಕತ್ತರಿ ತಂದು ಎಲ್ಲವನ್ನೂ ಸಣ್ಣಗೆ ಕತ್ತರಿಸುತ್ತಿದ್ದರು. ಹಸಿರು ಇರುವಷ್ಟು ಮಾತ್ರ. ಕಟ್ಟಿಗೆಯಾದ ಕಾಂಡಕ್ಕೆ ಕತ್ತರಿ ಮುಟ್ಟಿದರೆ ಅಲ್ಲಿ ಮತ್ತೆ ಚಿಗುರುವುದಿಲ್ಲವಂತೆ. ತುಳಸಿಯ ಒಂದು ದಳ ಕೀಳಲು ಕೈಮುಗಿಯುವ ನಾವು ಗೋಡೆಯ ಈಚೆ ನಿಂತು ನೋಡುತ್ತಿದ್ದೆವು. ಕತ್ತರಿಸಿದ್ದು ವ್ಯರ್ಥವಾಗುತ್ತಿರಲಿಲ್ಲ. ಒಮ್ಮೆ ನಮ್ಮ ಸಲುವಾಗಿ ಬೇರೆ ಪಾತ್ರೆ ಇಟ್ಟು, ಆಲೂಗಡ್ಡೆಗೆ ರೋಸ್‌ಮರಿ ಹಾಕಿ ಹುರಿದು ಕಳಿಸಿದರು. ಅತ್ತೆ ಒಂದು ಹೋಳು ಬಾಯಿಗಿಟ್ಟು, "ನೆಗಡಿ ಆದಾಗ ಕಳಸಂತ ಹೇಳು" ಎಂದರು. ನಾನು ಹೇಳಿದೆ. ಮುಂದೆ ಅತ್ತೆಗೆ ನೆಗಡಿಯಾದಾಗ ನಿಜವಾಗಿಯೂ ಒಂದು ಬಟ್ಟಲು ಬಂತು. ಅತ್ತೆ ಪೂರ್ತಿ ತಿಂದರು.

ಆಮೇಲೆ ಕೂದಲಿನ ಕಾಲ ಬಂತು. ರೋಸ್‌ಮರಿ ನೀರು ಹಚ್ಚಿದರೆ ಕೂದಲು ಬೆಳೆಯುತ್ತದೆ ಎಂದು ಹುಡುಗಿಯರು ಮೊಬೈಲಿನಲ್ಲಿ ನೋಡಿ, ಅದು ನಮ್ಮ ಓಣಿಯಲ್ಲೇ ಇದೆ ಎಂದು ಕಂಡುಕೊಂಡು ಸಾಲುಗಟ್ಟಿದರು. ಅಕ್ಕೋರು ಇಲ್ಲ ಎನ್ನಲಿಲ್ಲ. ಒಂದು ಟೊಂಗೆಗೆ ಹದಿನೇಳರ ಮಗ್ಗಿ. ತಪ್ಪಿದರೆ ನಾಳೆ ಬರಬೇಕು. ಕಾಲೇಜಿಗೆ ಹೋಗುವ ಹುಡುಗಿಯರು ಗೋಡೆಗೆ ಒರಗಿ ಹದಿನೇಳೇಳ್ಲಿ ಎಂದು ತಡವರಿಸುವುದು ನಮಗೆ ಅಡುಗೆಮನೆಗೇ ಕೇಳುತ್ತಿತ್ತು. ಅವರಲ್ಲೊಬ್ಬಳು ಅಕ್ಕೋರ ಬಡಕಲು ಜಡೆ ನೋಡಿ, "ನೀವ್ಯಾಕ ಹಚ್ಚಿಕೊಳ್ಳೂದಿಲ್ರಿ?" ಎಂದು ಕೇಳಿಯೇ ಬಿಟ್ಟಳು.

"ನನಗ ಮಗ್ಗಿ ಬರ್ತೈತಲ್ಲ" ಎಂದರು ಅಕ್ಕೋರು.

ಅವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹೋದದ್ದನ್ನು ಇಲ್ಲಿ ಹೇಳಬೇಕು. ಬೇಸಿಗೆ. ಹುಬ್ಬಳ್ಳಿಯ ಬಂಧುಗಳ ಮನೆಯಲ್ಲಿ ಕೆಲವು ದಿನ ಇರಬೇಕಾಗಿತ್ತು. ಹೊರಡುವ ದಿನ ಓಣಿಯ ಹೆಂಗಸರನ್ನೆಲ್ಲ ದಿಬ್ಬದ ಸುತ್ತ ನಿಲ್ಲಿಸಿ ಹೇಳಿದರು: "ನಾ ಬರೂತನಕ ಯಾರೂ ನೀರ ಹಾಕಬ್ಯಾಡ್ರಿ. ಒಣಗಿದಂಗ ಕಾಣ್ತೈತಿ. ಕಾಣಲಿ." ಎಲ್ಲರೂ ಹೂಂ ಎಂದರು. ಶಾಲೆಯಲ್ಲಿ ಎಂದಿದ್ದಂತೆಯೇ.

ಅಕ್ಕೋರ ಕಾರು ಓಣಿ ದಾಟಿದ ಮರುದಿನದಿಂದ ಶುರುವಾಯಿತು. ಶಾಂತವ್ವ ನಸುಕಿನಲ್ಲಿ ಒಂದು ತಂಬಿಗೆ. ತಮ್ಮನ ಹೆಂಡತಿ ಪಾತ್ರೆ ತೊಳೆಯುವಾಗ ಒಂದು ಚೊಂಬು. ಹಿಂದಿನ ಓಣಿಯ ಅಜ್ಜಿ ಮಸೀದಿಯ ಬಾಂಗು ಕೇಳಿದಾಗೊಮ್ಮೆ ನೆನಪಾಗಿ ಒಂದು ಲೋಟ. ಪ್ರತಿಯೊಬ್ಬರೂ ತಾನೊಬ್ಬಳೇ ಎಂದುಕೊಂಡಿದ್ದರು. ಕುಡಿಯುವ ನೀರಿನಲ್ಲೇ ಉಳಿಸಿ ಹಾಕಿದರು, ಪಾಪ. ನನ್ನ ಅಂಗಳಕ್ಕೆ ಎಲ್ಲವೂ ಕಾಣುತ್ತಿತ್ತು. ಹಾಕಬೇಡಿರಿ ಎಂದೆ. "ನಿನಗ ಕರಳು ಇಲ್ಲೇನ ಬೇ? ಬಾಜು ಮನಿಯಾಕಿ ನೀನು. ಒಂದ ತಂಬಗಿ ಹಾಕಲಿಲ್ಲ" ಎಂದು ಶಾಂತವ್ವ ನನಗೇ ಅಂದಳು. ಅಷ್ಟು ದಿನ ನಾನು ಓಣಿಯಲ್ಲಿ ಕಲ್ಲೆದೆಯವಳಾಗಿ ತಿರುಗಿದೆ.

ಅಕ್ಕೋರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಚೀಲವನ್ನೂ ಇಳಿಸದೆ ದಿಬ್ಬದ ಹತ್ತಿರ ಕೂತು ಬೆರಳು ಇಳಿಸಿದರು. ತೆಗೆದರು. ಕೆಂಪು ಕೆಸರು.

"ಯಾರ ಹಾಕೀರಿ?"

ಎಲ್ಲರೂ ನೆಲ ನೋಡಿದರು. ಕೊನೆಗೆ ಶಾಂತವ್ವ, "ನಾ ಒಂದ ತಂಬಗಿ ರೀ" ಎಂದಳು. "ನಾನೂ ಒಂದ" ಎಂದಳು ತಮ್ಮನ ಹೆಂಡತಿ. ಒಂದೊಂದೇ ಎಂದು ಎಲ್ಲರೂ ಒಪ್ಪಿಕೊಂಡರು. ಅಕ್ಕೋರು ಬೈಯುತ್ತಾರೆಂದು ಕಾದೆವು. ಅವರು ಸೆರಗಿಗೆ ಬೆರಳು ಒರೆಸಿಕೊಂಡು ಇಷ್ಟೇ ಹೇಳಿದರು: "ಎಲ್ಲಾರೂ ಚಲೋ ಮಂದಿನ. ಅದ ತ್ರಾಸ."

ಥೈಮ್ ಹೋಯಿತು. ಲ್ಯಾವೆಂಡರ್ ಒಂದೊಂದಾಗಿ ಕಪ್ಪಾಗಿ ಹೋಯಿತು. ದಿಬ್ಬದ ನೆತ್ತಿಯಲ್ಲಿದ್ದ ರೋಸ್‌ಮರಿಯೊಂದು ಉಳಿಯಿತು. ಆಗ ಅವರು ನನ್ನ ಕಡೆ ಕೈ ತೋರಿಸಿ, "ಈಕಿ ಒಬ್ಬಾಕಿಗೆ ಕೈ ಕಟ್ಟಿ ಕೂಡ್ರೂದು ಗೊತ್ತೈತಿ" ಎಂದರು. ಮದುವೆಯಾಗಿ ಬಂದಾಗಿನಿಂದ ನಸುಕಿನಿಂದ ರಾತ್ರಿಯವರೆಗೆ ಎಷ್ಟೋ ಕೆಲಸ ಮಾಡಿದ್ದೇನೆ. ಹತ್ತು ಮಂದಿಯ ಎದುರು ನನ್ನನ್ನು ಹೊಗಳಿದ್ದು ಅದೊಂದೇ ಸಲ, ಅದೂ ನಾನು ಮಾಡದೆ ಬಿಟ್ಟ ಕೆಲಸಕ್ಕೆ.

ಅಂದಿನಿಂದ ಅವರಿಗೆ ಬೇರೆ ಗಿಡದ ಆಸೆ ಹೋಯಿತು. ಇದೊಂದು ಉಳಿದರೆ ಸಾಕು. ಮಳೆಗಾಲದಲ್ಲಿ ಶಾಲೆಗೆ ಒಯ್ಯುತ್ತಿದ್ದ ಕರಿ ಛತ್ರಿಯನ್ನು ಬಿಚ್ಚಿ, ಒಂದು ಗಳಕ್ಕೆ ಕಟ್ಟಿ, ರೋಸ್‌ಮರಿಯ ತಲೆಯ ಮೇಲೆ ನಿಲ್ಲಿಸುತ್ತಿದ್ದರು. ಮಳೆ ಬರಲೆಂದು ಊರೆಲ್ಲ ಗುಡಿ, ಮಸೀದಿಯಲ್ಲಿ ಬೇಡಿಕೊಂಡು ಬರುವಾಗ, ಹಿತ್ತಲಿನಲ್ಲಿ ಒಂದು ಗಿಡ ಛತ್ರಿ ಹಿಡಿದುಕೊಂಡು ನಿಂತಿರುತ್ತಿತ್ತು. "ಅಕ್ಕೋರ, ನೀವು ದೇವರ ಹತ್ರ ಏನ ಬೇಡ್ತೀರಿ?" ಎಂದು ಕೇಳಿದ್ದೆ. "ಮಳಿ ಬರ್ಲಿ ಅಂತನ ಬೇಡ್ತೀನಿ. ಹೊಲದಾಗ ಬರ್ಲಿ ಅಂತ ಬಿಡಿಸಿ ಹೇಳ್ತೀನಿ" ಎಂದರು.

ಅವರು ಹೋದದ್ದೂ ಮಳೆಗಾಲದಲ್ಲೇ, ಶ್ರಾವಣದಲ್ಲಿ. ಜಿಟಿಜಿಟಿ ಹಿಡಿದು ಬಿಟ್ಟ ಬೆಳಗು. ನಾನೂ ಶಾಂತವ್ವನೂ ಹೋದಾಗ ಅಕ್ಕೋರನ್ನು ಒಳಗೆ ಮಲಗಿಸಿದ್ದರು. ಮುಖ ನೋಡಿದೆ. ಯಾರದೋ ಉತ್ತರ ತಪ್ಪಾಗಿದ್ದರೂ ಇವತ್ತಿಗೆ ಬಿಟ್ಟಿದ್ದೇನೆ ಎನ್ನುವಂತಿತ್ತು. ಬಲಗೈಯ ತೋರುಬೆರಳಿನ ಉಗುರಿನಲ್ಲಿ ಗರಸಿನ ಕೆಂಪು ಹಾಗೇ ಇತ್ತು.

ಅವರಲ್ಲಿ ಮಣ್ಣಿಗೆ ಒಯ್ಯುವ ಮೊದಲು ಮೈ ತೊಳೆಸುತ್ತಾರೆ. ಆ ನೀರು ಹರಿದು ಯಾರ ಕಾಲಿಗೂ ಸಿಗಬಾರದೆಂದು ಹಲಗೆಯ ಬದಿಗೆ ಒಂದು ಗುಂಡಿ ತೋಡಿ ಅದರಲ್ಲಿ ಇಳಿಸುತ್ತಾರೆ. ತೊಳೆಸಲು ಬಂದ ಖಾಲಾ ಎನ್ನುವ ಹಿರಿಯ ಹೆಂಗಸು ಹಿತ್ತಲನ್ನು ಒಮ್ಮೆ ಕಣ್ಣಾಡಿಸಿ ನೋಡಿ, "ಅಲ್ಲೇ" ಎಂದು ದಿಬ್ಬ ತೋರಿಸಿದರು. ತಪ್ಪು ಹೇಳಲಿಲ್ಲ. ಇಡೀ ಹಿತ್ತಲಿನಲ್ಲಿ ಯಾರೂ ತುಳಿಯದ ಜಾಗ ಅದೊಂದೇ, ತುಳಿಯದಂತೆ ಅಕ್ಕೋರೇ ಇಷ್ಟು ವರ್ಷ ನೋಡಿಕೊಂಡಿದ್ದರು. ಸುತ್ತಲೂ ಮಳೆಗೆ ನೆನೆದ ಎರೆಮಣ್ಣು, ಗುದ್ದಲಿ ಹಾಕಿದರೆ ಮೇಲೆ ಬರುವಂಥದ್ದಲ್ಲ. ಗರಸು ಸಡಿಲವಾಗಿತ್ತು. ತಮ್ಮನ ಕಡೆಯ ಇಬ್ಬರು ಗುದ್ದಲಿ ಹಿಡಿದು ಛತ್ರಿಯ ಗಳ ಕಿತ್ತು ಬದಿಗಿಟ್ಟರು.

"ಅಲ್ಲಿ ಅಗಿಬ್ಯಾಡ್ರಿ" ಎಂದೆ.

ಸಾವಿನ ಮನೆಯಲ್ಲಿ ಹೊರಗಿನವಳು, ಅದೂ ನಮ್ಮ ಜಾತಿಯವಳು, ಹೀಗೆ ಮಾತಾಡಬಾರದು. ಎಲ್ಲರೂ ನನ್ನನ್ನು ನೋಡಿದರು. ತಮ್ಮ ಬಂದ. ಕಣ್ಣು ಕೆಂಪಾಗಿದ್ದವು. "ವೈನಿ, ಇವತ್ತ ಗಿಡದ ಮಾತೇನ್ರಿ?" ಎಂದ. ಗದರಿಸಲಿಲ್ಲ. ಕಿತ್ತಿಟ್ಟ ಛತ್ರಿಯ ಕಡೆ ನೋಡಿ, "ಅಕ್ಕನ ಕಡೀ ನೀರು ಅಕ್ಕನ ಗಿಡಕ್ಕ ಹೋಗ್ಲಿ ಅಂತ ನನಗೂ ಆಸೆ ಐತ್ರಿ" ಎಂದ.

ಅವನ ಆಸೆ ತಪ್ಪಲ್ಲ. ನಾನು ಪೂಜೆಯ ತಂಬಿಗೆ ಹಿಡಿದು ನಿಂತ ದಿನದ ನನ್ನ ಆಸೆಯೂ ಹೀಗೇ ಇತ್ತು. ಆ ದಿನ ನನ್ನ ಕೈಯನ್ನು ನೆಟ್ಟಗೆ ಮಾಡಿದವರು ಈಗ ಒಳಗೆ ಮಲಗಿದ್ದರು. ಇಷ್ಟು ವರ್ಷ ಕಾಪಾಡಿದ ಒಂದೇ ಗಿಡವನ್ನು ಅವರದೇ ನೀರಿನಿಂದ, ನಾವೆಲ್ಲ ಸೇರಿ, ಒಳ್ಳೆಯ ಮನಸ್ಸಿನಿಂದ ಇವತ್ತು ಕೊಲ್ಲುವುದಿತ್ತು.

"ಲಿಂಗದ ನೀರ ತಂದಾಗ ಅಕ್ಕೋರು ನನಗ ಹಾಕಗೊಡಲಿಲ್ಲಣ್ಣಾ" ಎಂದೆ. "ದೇವರ ನೀರಂತ ಬೇರಿಗೆ ಯಾರ ಹೇಳಬೇಕು, ಕೊಳಿತೈತಿ ಅಂದ್ರು. ಅಕ್ಕನ ನೀರಂತ ಇವತ್ತ ಯಾರ ಹೇಳ್ತೀರಿ?"

ಖಾಲಾ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡರು. "ಹಂಗ ಹೇಳಾಕಿನ ಆಕಿ" ಎಂದರು. "ಮತ್ತ ಎಲ್ಲಿ ಅಗೀಬೇಕು? ಹೊತ್ತಾಗತೈತಿ."

ಗೋಡೆಯ ಬುಡ ತೋರಿಸಿದೆ. ಅಲ್ಲಿ ನಮ್ಮ ಪತ್ರಿ ಗಿಡ ಆಚೆಯಿಂದ ಬಾಗಿ ನೆರಳು ಮಾಡಿತ್ತು, ಕಾಲು ಹಾಯುವ ದಾರಿಯಲ್ಲ. ಗಂಡಸರು ಒಲ್ಲದ ಮನಸ್ಸಿನಿಂದ ಗುದ್ದಲಿ ಹಾಕಿದರು. ಎರೆಮಣ್ಣು ಹಿಡಿದ ಗುದ್ದಲಿ ಬಿಡಲಿಲ್ಲ. "ಅಕ್ಕೋರು ಸತ್ತ ಮ್ಯಾಲೂ ಶಿಕ್ಷಾ ಕೊಡಾಕತ್ತಾರ" ಎಂದು ಒಬ್ಬ ಗೊಣಗಿದ. ಮೊಣಕಾಲಾಳ ಹೋಗುವಷ್ಟರಲ್ಲಿ ಗುದ್ದಲಿ ನಿಂತಿತು. ಗೋಡೆಯ ಅಡಿಯಿಂದ ದಾಟಿ ಬಂದ ಬೇರುಗಳು.

"ನಿಮ್ಮ ಪತ್ರಿ ಗಿಡದ ಬೇರ ಅದಾವ್ರಿ" ಎಂದು ಅಗೆಯುತ್ತಿದ್ದವನು ಗುದ್ದಲಿ ಕೆಳಗಿಟ್ಟ. ದೇವರ ಗಿಡ. ಸತ್ತವರ ನೀರು. ಅವನಿಗೂ ಗೊತ್ತು, ಎಲ್ಲರಿಗೂ ಗೊತ್ತು. ಮತ್ತೆ ಎಲ್ಲರೂ ನನ್ನನ್ನೇ ನೋಡಿದರು. ಹೂಂ ಎನ್ನಲು ಅದು ನನ್ನೊಬ್ಬಳ ಗಿಡವಲ್ಲ. ನೆಟ್ಟವರು ನಮ್ಮ ಅತ್ತೆ.

ಅತ್ತೆ ಗೋಡೆಯಾಚೆ ಅದೆಷ್ಟು ಹೊತ್ತಿನಿಂದ ನಿಂತಿದ್ದರೋ. ಗೋಡೆಯ ಮೇಲೆ ಅವರ ಬೆಳ್ಳಗಿನ ತಲೆಯಷ್ಟೇ ಕಾಣುತ್ತಿತ್ತು.

"ಯಾಕ ನಿಂತ್ರಿ? ಅಗೀರಿ" ಎಂದರು. "ಲಿಂಗ ಕಟ್ಟಿದವ್ರಿಗೆ ಸೂತಕ ಎಲ್ಲಿಂದ ಬರ್ತೈತಿ? ಅದು ಕುಡಿಯೂ ಗಿಡ. ಆಕಿನ ಹೇಳ್ಯಾಳ."

ಬೇರು ಕಡಿಯದಂತೆ ಬದಿಗೆ ಸರಿಸಿ ಅಗೆದರು. ಪರದೆ ಕಟ್ಟಿದರು. ಬೋರೆ ಗಿಡದ ಎಲೆ ಹಾಕಿ ಕಾಯಿಸಿದ ನೀರು, ಕರ್ಪೂರದ ನೀರು, ಎಲ್ಲವೂ ಆ ಗುಂಡಿಗೆ ಇಳಿದವು. ಎರೆಮಣ್ಣು ತನ್ನ ಗುಣದಂತೆ ಅದನ್ನು ಹಿಡಿದುಕೊಂಡಿತು, ಬೇರು ತನ್ನ ಪಾಲು ತೆಗೆದುಕೊಂಡಿರಬೇಕು. ಖಾಲಾ ಹೊರಗೆ ಬಂದು, "ಬೆರಳಾಗಿನ ಮಣ್ಣ ಹೋಗಲಿಲ್ಲ. ಎಷ್ಟ ತಿಕ್ಕಿದ್ರೂ" ಎಂದು ಮೆಲ್ಲನೆ ನನಗೆ ಹೇಳಿದರು.

ಒಯ್ಯುವ ಹೊತ್ತಿಗೆ ಮತ್ತೆ ಹನಿಯಿತು. ಯಾರೋ ಗಳದಿಂದ ಅಕ್ಕೋರ ಛತ್ರಿ ಬಿಚ್ಚಿಕೊಂಡು ತಮ್ಮನ ತಲೆಯ ಮೇಲೆ ಹಿಡಿದು ನಡೆದರು. ಗಂಡಸರೆಲ್ಲ ಹೋದರು. ಜೋರು ಮಳೆ ಬರಲಿಲ್ಲ, ಅವರು ಮಣ್ಣು ಮುಗಿಸಿ ತಿರುಗುವವರೆಗೂ ತಡೆಯಿತು. ನಾನು ದಿಬ್ಬದ ಹತ್ತಿರವೇ ನಿಂತಿದ್ದೆ. ಹೆಂಗಸರು ಹಿತ್ತಲು ತೊಳೆಯುತ್ತಿದ್ದರು. ಉಳಿದ ಅರ್ಧ ಬಕೀಟು ಎತ್ತಿಕೊಂಡು ಶಾಂತವ್ವ ಮೆಲ್ಲಗೆ ಬಂದಳು. ಅವಳ ಕಣ್ಣು ತುಂಬಿದ್ದವು.

"ಇವತ್ತೊಂದಿನ ಬೇ. ಪಾಪ, ಯಾರ ಅದಾರ ಅದಕ್ಕ?"

ನಾನು ಅವಳ ಕೈಯಿಂದ ಬಕೀಟು ತೆಗೆದುಕೊಂಡು ಅಕ್ಕೋರ ಬಾಗಿಲ ಮುಂದಿನ ಕಲ್ಲಿಗೆ ಸುರಿದು ಕಸಬರಿಗೆಯಿಂದ ತಿಕ್ಕಿದೆ. ಅವಳು ನಿಂತು ನೋಡಿದಳು. "ನಿನಗ ಕರಳು ಇಲ್ಲ" ಎಂದಳು. ಹಿಂದೆ ಅಂದಷ್ಟು ಗಟ್ಟಿಯಾಗಿ ಅಲ್ಲ.

ಮಧ್ಯಾಹ್ನ ತಮ್ಮ ಬಂದವನು ಛತ್ರಿಯನ್ನು ನನ್ನ ಕೈಗೆ ಕೊಟ್ಟ. ಗಳವನ್ನು ಮತ್ತೆ ನೆಟ್ಟು, ಛತ್ರಿ ಬಿಚ್ಚಿ ಕಟ್ಟಿದೆ. ಗಂಟು ಅವರು ಹಾಕುತ್ತಿದ್ದಂತೆ ಬರಲಿಲ್ಲ, ಹೇಗೋ ನಿಂತಿತು. ಎಲೆ ಚಿವುಟಲಿಲ್ಲ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೂ ಗರಸಿನೊಳಗೆ ಇಳಿಸಿ, ಅವರಷ್ಟು ಹೊತ್ತು ಕೂತು, ತೆಗೆದು ನೋಡಿದೆ. ಮೇಲೆ ಹನಿ ಬಿದ್ದಿದ್ದರೂ ಒಳಗೆ ಒಣಗಿತ್ತು.

ಅವರ ಮನೆಯಲ್ಲಿ ಇನ್ನು ಮೂರು ದಿನ ಒಲೆ ಹಚ್ಚುವುದಿಲ್ಲ. ಊಟ ನಾವು ಅಕ್ಕಪಕ್ಕದವರೇ ಕೊಡಬೇಕು. ಮನೆಗೆ ಬಂದು ಕೈ ತೊಳೆದು, ಒಲೆ ಹಚ್ಚಿ, ಹಿಟ್ಟಿನ ಮೇಲಿನ ಪರಾತ ತೆಗೆದೆ. ಬೆಳಗಿನಿಂದ ಹಾಗೇ ಇದ್ದ ಹಿಟ್ಟು ಒಣಗಿ ಬಿರಿದಿತ್ತು. ಅದಕ್ಕೆ ನೀರು ಬೇಕಿತ್ತು. ಹಾಕಿ, ನಾದತೊಡಗಿದೆ.